ಪದ ಒಂದು, ಬಣ್ಣ ಇನ್ನೊಂದು: ಮಿದುಳು ತಡವರಿಸುವುದೇಕೆ?

'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿ ಎಂದರೆ ತಡವಾಗುವುದೇಕೆ ಎಂದು ಕೇಳಿದ್ದೀರಿ. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವಿದು.

ಓದು ಬಲ್ಲವರು ಕಣ್ಣಿಗೆ ಬಿದ್ದ ಪದವನ್ನು ಓದದೆ ಇರಲಾರರು. ವರ್ಷಗಟ್ಟಲೆಯ ರೂಢಿಯಿಂದ ಓದು ತಾನಾಗಿಯೇ ನಡೆಯುತ್ತದೆ. ಬಣ್ಣಕ್ಕೆ ಹೆಸರು ಹುಡುಕುವುದು ಅದಕ್ಕಿಂತ ನಿಧಾನ. ಹೀಗೆ ಎರಡು ಉತ್ತರಗಳು ಒಟ್ಟಿಗೆ ನಾಲಿಗೆಗೆ ನುಗ್ಗುತ್ತವೆ. ಆಗ ಮಿದುಳಿನ ಎರಡು ಅರೆಗಳು ಎದುರುಬದುರಾಗುವ ಒಳಮೈಯಲ್ಲಿ, ಮುಂಭಾಗದಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಪ್ರದೇಶ ಚುರುಕಾಗುವುದು ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ. ತಿಕ್ಕಾಟವನ್ನು ಗುರುತಿಸುವುದು ಅದರ ಕೆಲಸ ಎಂಬ ವಿವರಣೆಗೆ ಹೆಚ್ಚು ಮನ್ನಣೆಯಿದೆ. ಹಣೆಯ ಹಿಂದಿನ ಪಾರ್ಶ್ವಭಾಗವು 'ಬಣ್ಣವನ್ನೇ ನೋಡು' ಎಂಬ ಗುರಿಯನ್ನು ಬಿಡದೆ ಹಿಡಿದಿಡುತ್ತದೆ. ತಲೆಯ ಮೇಲಿಟ್ಟ ಸಂವೇದಕಗಳಿಂದ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ ಈ ತಿಕ್ಕಾಟದ ಗುರುತು ಪದ ಕಂಡ ಸುಮಾರು 400ರಿಂದ 500 ಮಿಲಿಸೆಕೆಂಡುಗಳಲ್ಲಿ ಮೂಡುತ್ತದೆ. ಹೀಗೆ ತಡವಾಗುವುದು ಯಾವ ದೋಷವೂ ಅಲ್ಲ, ಚೆನ್ನಾಗಿ ಓದಬಲ್ಲಿರಿ ಎಂಬುದರ ಸೂಚನೆ.

ಬೆಂಗಳೂರಿನಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಕನ್ನಡವನ್ನು ಕೂಡಿಸಿಕೊಂಡು ಓದುವ ಮಗುವಿಗೆ ಕನ್ನಡದ ಪದ ಅಷ್ಟಾಗಿ ಅಡ್ಡ ಬರುವುದಿಲ್ಲ. ನಿಮ್ಹಾನ್ಸ್ ರೂಪಿಸಿದ, ಗಮನ, ನೆನಪಿನಂಥ ಮಿದುಳಿನ ಕೆಲಸಗಳನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆಗಳ ಸರಣಿಯಲ್ಲೂ ಸ್ಟ್ರೂಪ್ ಪರೀಕ್ಷೆ ಇದೆ. ಯಾರಿಗಾದರೂ ಈ ಪರೀಕ್ಷೆ ಮಾಡಿಸಿದರೆ, ಅವರು ಸರಾಗವಾಗಿ ಓದುವ ಭಾಷೆಯಲ್ಲೇ ಮಾಡಿದರೇ ಎಂದು ಮೊದಲು ಕೇಳಿ.