ವಿಟಮಿನ್ ಡಿ ತಗೊಂಡ್ರೂ ಅಮ್ಮನ ಕಾಲಿಗೆ ಶಕ್ತಿ ಬರ್ತಿಲ್ಲ, ಡೋಸ್ ಜಾಸ್ತಿ ಮಾಡ್ಬೇಕಾ?

ಅಮ್ಮನಿಗೆ 72 ವರ್ಷ, ರಕ್ತ ಪರೀಕ್ಷೇಲಿ ಡಿ 11 (ng/ml ಲೆಕ್ಕದಲ್ಲಿ) ಇತ್ತು, ವಾರಕ್ಕೊಂದು 60 ಸಾವಿರ ಯೂನಿಟ್ ಡಿ ಪುಡಿ ಎರಡು ತಿಂಗಳು ತಗೊಂಡು ಈಗ 34 ಆಗಿದೆ, ಆದ್ರೂ ಸೋಫಾದಿಂದ ಏಳ್ಬೇಕಾದ್ರೆ ಕೈ ಊರ್ಲೇಬೇಕು ಅಂತ ಬರ್ದಿದೀರಿ. ಡೋಸ್ ಜಾಸ್ತಿ ಮಾಡೋದು ಬೇಡ. ನಾನು ಫಿಸಿಯೋಥೆರಪಿಸ್ಟ್, ವಯಸ್ಸಾದವರನ್ನ ಕರ್ಕೊಂಡು ಬರೋ ಮಕ್ಕಳು ಸುಮಾರು ಜನ ಇದನ್ನೇ ಕೇಳ್ತಾರೆ.

ಡಿ ತೀರಾ ಕಮ್ಮಿ ಇದ್ರೆ ತೊಡೆ, ಸೊಂಟದ ಸ್ನಾಯು ಸೋತೋಗತ್ತೆ, ನೆಲದಿಂದ ಏಳೋದು ಮೆಟ್ಲು ಹತ್ತೋದು ಕಷ್ಟ ಆಗತ್ತೆ, ಆಗ ಪುಡಿ ಬೇಕೇ ಬೇಕು, ಅದನ್ನ ಕೊಟ್ಟಿದ್ದು ಸರಿನೇ. ಆದ್ರೆ 20 ದಾಟಿದ್ಮೇಲೆ ಇನ್ನೂ ಸುರೀತಾ ಹೋದ್ರೆ ಸ್ನಾಯು ಬೆಳೆಯಲ್ಲ, ಅಕ್ಕಿ ತೊಳೆದಿಟ್ಟು ಒಲೆ ಹಚ್ಚದೇ ಕೂತ ಹಾಗೆ.

ಫಿನ್ಲೆಂಡಲ್ಲಿ 70ರಿಂದ 80 ವಯಸ್ಸಿನ 409 ಹೆಂಗಸರ ಮೇಲೆ ಎರಡು ವರ್ಷ ಇದನ್ನೇ ನೋಡಿದ್ರು, 2015ರಲ್ಲಿ ಫಲಿತಾಂಶ ಬಂತು. ಕೆಲವರಿಗೆ ದಿನಾ 800 ಯೂನಿಟ್ ಡಿ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಯಾವ್ದೂ ಇಲ್ಲ. ಬೀಳೋದೇನೂ ಯಾವ ಗುಂಪಲ್ಲೂ ಕಮ್ಮಿ ಆಗ್ಲಿಲ್ಲ, ಆದ್ರೆ ಬಿದ್ದು ಪೆಟ್ಟು ಮಾಡ್ಕೊಳ್ಳೋದು ವ್ಯಾಯಾಮ ಮಾಡಿದವರಲ್ಲಿ ಅರ್ಧಕ್ಕಿಂತ ಕಮ್ಮಿ ಆಯ್ತು, ಕಾಲಿನ ಶಕ್ತಿ ಹೆಚ್ಚಿದ್ದೂ ಅವರಿಗೇ, ಜೊತೆಗೆ ಡಿ ಕೊಟ್ಟಿದ್ದಕ್ಕೆ ಅದು ಇನ್ನೂ ಹೆಚ್ಚಾಗ್ಲಿಲ್ಲ. (ಅವರ ಡಿ ಮೊದಲೇ ಪರವಾಗಿಲ್ಲ ಅನ್ನೋ ಹಾಗಿತ್ತು, ನಿಮ್ಮ ಅಮ್ಮನದೂ ಈಗ ಹಾಗೇ ತಾನೆ.) ಇನ್ನು ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಂದ್ಸಲ ಒಟ್ಟಿಗೇ 5 ಲಕ್ಷ ಯೂನಿಟ್ ಕೊಟ್ಟಾಗ, 2010ರಲ್ಲಿ ಬಂದಿದ್ದು ಇದು, ಬೀಳೋದೂ ಮೂಳೆ ಮುರಿಯೋದೂ ಜಾಸ್ತಿನೇ ಆಯ್ತು. ಅದಕ್ಕೇ ಮೆಡಿಕಲ್ ಶಾಪಿಂದ ನೀವಾಗೇ ಪುಡಿ ತಂದು ವಾರ ವಾರ ಕೊಡ್ತಾ ಹೋಗ್ಬೇಡಿ, ಮುಂದೆ ಎಷ್ಟು ಅಂತ ಡಾಕ್ಟರ್ ಹೇಳ್ಲಿ. 70 ದಾಟಿದವರಿಗೆ ಸಾಮಾನ್ಯವಾಗಿ ದಿನಕ್ಕೆ 800 ಯೂನಿಟ್ ಲೆಕ್ಕ.

ವ್ಯಾಯಾಮ ಅಂದ್ರೆ ವಾಕಿಂಗ್ ಮಾತ್ರ ಅಲ್ಲ. ಪಾರ್ಕಲ್ಲಿ ಮಾತಾಡ್ಕೊಂಡು ಎರಡು ರೌಂಡ್ ಹಾಕೋದು ಹೃದಯಕ್ಕೆ ಒಳ್ಳೇದು, ಮನಸ್ಸಿಗಂತೂ ಇನ್ನೂ ಒಳ್ಳೇದು, ಆದ್ರೆ ತೊಡೆಗೆ ಭಾರ ಬೀಳ್ಬೇಕು. ಗೋಡೆಗೆ ಒತ್ತಿಸಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂತು ಮಾಡ್ಸಿ, ಶುರುವಲ್ಲಿ ಕೈ ಊರಿದ್ರೂ ಪರ್ವಾಗಿಲ್ಲ, ಕುರ್ಚಿ ತಗ್ಗಾದ್ರೆ ಮೇಲೊಂದು ದಿಂಬು ಹಾಕಿ, ಸುಲಭ ಆಗ್ತಾ ಬಂದ ಹಾಗೆ ದಿಂಬು ತೆಗೀರಿ, ಆಮೇಲೆ ಕೈಲಿ ಒಂದೊಂದು ಲೀಟರ್ ನೀರಿನ ಬಾಟ್ಲಿ ಕೊಡಿ. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಕೆಳಗಿನ ಒಂದೇ ಮೆಟ್ಲು ಹತ್ತಿ ಇಳಿಯೋದು. ಎಂಟ್ಹತ್ತು ಸಲ ಮಾಡಿದಾಗ ಕೊನೇ ಎರಡು ಕಷ್ಟ ಅನ್ನಿಸ್ಬೇಕು, ಅನ್ನಿಸ್ಲಿಲ್ಲ ಅಂದ್ರೆ ಭಾರ ಸಾಲ್ದು ಅಂತ. ವಾರಕ್ಕೆ ಎರಡ್ಮೂರು ದಿನ ಸಾಕು, ಮಧ್ಯ ಒಂದು ದಿನ ಬಿಡುವು. "ಮನೆ ಕೆಲಸ ಮಾಡ್ತೀನಲ್ಲಪ್ಪಾ ಇನ್ನೇನು" ಅಂತಾರೆ, ಅದಂತೂ ಗ್ಯಾರಂಟಿ, ಬಿಡ್ಬೇಡಿ. ವಯಸ್ಸಾಯ್ತು ಇನ್ನೇನು ಶಕ್ತಿ ಬರತ್ತೆ ಅನ್ನೋದೂ ಸುಳ್ಳು, ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರಿಗೆ 8 ವಾರ ಭಾರ ಎತ್ತಿಸಿ ಕಾಲಿನ ಶಕ್ತಿ ದುಪ್ಪಟ್ಟಿಗಿಂತ ಹೆಚ್ಚಾಗಿದ್ದನ್ನ 1990ರಲ್ಲೇ ತೋರ್ಸಿದಾರೆ.

ಊಟದಲ್ಲಿ ಪ್ರೋಟೀನ್ ನೋಡಿ, ರಾತ್ರಿ ಬರೀ ತಿಳಿಸಾರು ಅನ್ನ ಉಂಡು ಮಲಗೋರೇ ಜಾಸ್ತಿ. ಕಾಳು, ಮೊಸರು, ತಿನ್ನೋರಾದ್ರೆ ಮೊಟ್ಟೆ ಮೂರೂ ಹೊತ್ತಿಗೆ ಹಂಚಿ ಹಾಕಿ, ಕಿಡ್ನಿ ತೊಂದರೆ ಇದ್ರೆ ಮಾತ್ರ ಕೇಳಿ ಮಾಡಿ. ಬಿಸಿಲಿನ ವಿಷ್ಯ, ಕಿಟಕಿ ಗಾಜಿನ ಹಿಂದೆ ಕೂತ್ರೆ ಡಿ ಸಿಗಲ್ಲ.

ಇವತ್ತೇ ಒಂದು ಕೆಲ್ಸ ಮಾಡಿ, ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಕ್ಕೆ ಎಷ್ಟು ಸೆಕೆಂಡ್ ಆಗತ್ತೆ ನೋಡಿ ಬರ್ದಿಡಿ, ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಜಾಸ್ತಿ ಆದ್ರೆ, ಇಲ್ಲಾ ಏಳಕ್ಕೇ ಆಗ್ಲಿಲ್ಲ ಅಂದ್ರೆ, ಸ್ನಾಯು ಸೋತಿದೆ ಅಂತ ಲೆಕ್ಕ. ಎರಡು ತಿಂಗಳಾದ್ಮೇಲೆ ಮತ್ತೆ ನೋಡಿ. ಎದ್ದ ತಕ್ಷಣ ತಲೆ ಸುತ್ತತ್ತೆ ಅಂದ್ರೆ ಮಾತ್ರ ಇದ್ಯಾವ್ದನ್ನೂ ಶುರು ಮಾಡ್ಬೇಡಿ, ಮೊದ್ಲು ಬಿಪಿ ಮಾತ್ರೆ, ನಿದ್ದೆ ಮಾತ್ರೆ ಏನೇನು ತಗೋತಾರೋ ಎಲ್ಲಾ ತಗೊಂಡು ಹೋಗಿ ಡಾಕ್ಟರಿಗೆ ತೋರ್ಸಿ.