ನಕ್ಷತ್ರನೌಕೆಯ ಮಾಡೆಲ್‌ಗೆ ಎಲ್‌ಇಡಿ ಹಾಕಿದರೆ ಕಿಟಕಿಯ ಜೊತೆ ಗೋಡೆಯೂ ಹೊಳೆಯುತ್ತಿದೆ, ಏನು ಮಾಡಲಿ?

ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತೆಳುವಾಗಿರುವುದರಿಂದ ಬೆಳಕು ಗೋಡೆಯ ಮೂಲಕವೇ ಸೋರುತ್ತದೆ. ಅಂಟು ಹಾಕುವ ಮೊದಲೇ ಎರಡೂ ಹೋಳುಗಳ ಒಳಮೈಗೆ ಎರಡು ಸಲ ಕಪ್ಪು ಬಣ್ಣ ಹೊಡೆಯಿರಿ, ಒಣಗಿದ ಮೇಲೆ ಬಿಳಿ. ಕಪ್ಪು ಬೆಳಕನ್ನು ತಡೆಯುತ್ತದೆ. ಬಿಳಿ ಅದನ್ನು ಒಳಗೇ ಚದುರಿಸಿ ಎಲ್ಲ ಕಿಟಕಿಗಳಿಗೂ ಹಂಚುತ್ತದೆ. ಕತ್ತಲೆ ಕೋಣೆಯಲ್ಲಿ ಉರಿಸಿ ನೋಡಿ. ಜೋಡಣೆಯ ಗೆರೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಪುಟ್ಟಿ ತುಂಬಿ ಉಜ್ಜಿ.

ಕಿಟಕಿಗೆ 0.5 ಮಿ.ಮೀ. ಡ್ರಿಲ್ ಸಾಕು. ರಂಧ್ರ ದೊಡ್ಡದಾದಷ್ಟೂ ನೌಕೆ ಚಿಕ್ಕದಾಗಿ, ಆಟಿಕೆಯಂತೆ ಕಾಣುತ್ತದೆ. ಸೂಜಿಮೊನೆಯಲ್ಲಿ ಪಿವಿಎ ಅಂಟಿನ (ಬಿಳಿ ಅಂಟು) ಹನಿಯನ್ನು ರಂಧ್ರಕ್ಕೆ ಇಟ್ಟರೆ, ಒಣಗಿದಂತೆ ಹಾಲಿನಂಥ ಬಿಳುಪು ಹೋಗಿ ಗಾಜಿನಂತಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಅದು.

9 ವೋಲ್ಟ್ ಬ್ಯಾಟರಿಗೆ ಒಂದೇ ಬಿಳಿ ಎಲ್‌ಇಡಿ ಆದರೆ ವಿದ್ಯುತ್ ಪ್ರವಾಹವನ್ನು ತಗ್ಗಿಸುವ 330 ಓಮ್ ರೆಸಿಸ್ಟರ್ ಬೇಕೇ ಬೇಕು.