ಮತ ಹಾಕುವ ದಿನಕ್ಕಿಂತ ಮೊದಲು

ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ, ಅದರಲ್ಲಿ ಸಿಟ್ಟೂ ಇದೆ. ಎರಡಕ್ಕೂ ಕಾರಣವಿದೆ ಎಂದೇ ನಾನು ಭಾವಿಸುತ್ತೇನೆ. ಅಮೆರಿಕದ ಒಂದು ಸಣ್ಣ ನಗರದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ನೀವು ಇದೇ ಮೊದಲ ಬಾರಿಗೆ ಅಲ್ಲಿಯ ನಗರಸಭೆಯ ಸಭೆಗೆ ಹೋಗಿದ್ದೀರಿ. ನಿಮ್ಮ ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ವಸತಿ ಕಟ್ಟಡವೊಂದರ ಪ್ರಸ್ತಾವ ಅಂದು ಚರ್ಚೆಗೆ ಬಂದಿತ್ತು. ಹೆಸರು ಬರೆಸಿ, ಬಹಳ ಹೊತ್ತು ಕಾದು, ಸರದಿ ಬಂದಾಗ ಮೂರು ನಿಮಿಷ ಮಾತನಾಡಿದಿರಿ. ಕಾರು ನಿಲ್ಲಿಸಲು ಜಾಗ ಸಾಲದು, ಬೀದಿಯ ಸ್ವರೂಪ ಕೆಡುತ್ತದೆ, ಶಾಲೆಯ ಮೇಲೆ ಹೊರೆ ಬೀಳುತ್ತದೆ ಎಂದಿರಿ. ನಿಮ್ಮ ನೆರೆಹೊರೆಯವರೂ ಅದನ್ನೇ ಹೇಳಿದರು. ಸದಸ್ಯರು ಕೇಳಿಸಿಕೊಂಡರು, ಅಧಿಕಾರಿಗಳಿಗೆ ಒಂದೆರಡು ಪ್ರಶ್ನೆ ಹಾಕಿದರು, ಎರಡರ ವಿರುದ್ಧ ಐದು ಮತಗಳಿಂದ ಒಪ್ಪಿಗೆ ಕೊಟ್ಟರು. “ಎಲ್ಲ ಮೊದಲೇ ತೀರ್ಮಾನವಾಗಿತ್ತು. ಹಾಗಿದ್ದ ಮೇಲೆ ನಮ್ಮನ್ನು ಮಾತನಾಡಲು ಕರೆದದ್ದೇಕೆ?” ಎಂಬುದು ನಿಮ್ಮ ಪ್ರಶ್ನೆ.

ಮೊದಲೇ ತೀರ್ಮಾನವಾಗಿತ್ತು ಎಂಬ ನಿಮ್ಮ ಮಾತು ಸರಿ. ಬಿಲ್ಡರ್ ಜೊತೆ ಒಳಒಪ್ಪಂದ ನಡೆದಿರಬೇಕು ಎಂಬ ನಿಮ್ಮ ಅನುಮಾನಕ್ಕೆ ಮಾತ್ರ ನೀವು ಕಳುಹಿಸಿದ ಕಾಗದಗಳಲ್ಲಿ ಆಧಾರ ಕಾಣಲಿಲ್ಲ. ಪತ್ರದ ಜೊತೆಗಿದ್ದ ಅಧಿಕಾರಿಗಳ ವರದಿಯ ಮೂರನೆಯ ಪುಟವನ್ನು ಇನ್ನೊಮ್ಮೆ ತೆರೆಯಿರಿ. ಅಲ್ಲೊಂದು ಕೋಷ್ಟಕವಿದೆ. ಎಡಕ್ಕೆ ನಿಯಮ ಕೇಳುವುದು, ಬಲಕ್ಕೆ ಕಟ್ಟಡದಲ್ಲಿ ಇರುವುದು. ಎತ್ತರದ ಮಿತಿ 45 ಅಡಿ, ಕಟ್ಟಡದ ಎತ್ತರ 44. ಮುಂಭಾಗದ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗ, ಕನಿಷ್ಠ 10 ಅಡಿ, ಬಿಟ್ಟಿರುವುದು 12. ಪಾರ್ಕಿಂಗ್ ಮನೆಗೆ ಒಂದರಂತೆ 28, ನಕ್ಷೆಯಲ್ಲಿರುವುದು 30. ಪ್ರತಿ ಸಾಲಿನ ಕೊನೆಗೂ ‘ನಿಯಮಕ್ಕೆ ಅನುಗುಣವಾಗಿದೆ’ ಎಂದು ಬರೆದಿದೆ. ಕೋಷ್ಟಕದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ಈ ಮಿತಿಗಳು ಎರಡು ವರ್ಷಗಳ ಹಿಂದೆ ತಿದ್ದುಪಡಿಯಾದ ವಲಯ ನಿಯಮದ ಪ್ರಕಾರ. ವಲಯ ನಿಯಮವೆಂದರೆ ಊರಿನ ಯಾವ ಭಾಗದಲ್ಲಿ ಏನನ್ನು, ಎಷ್ಟು ಎತ್ತರಕ್ಕೆ ಕಟ್ಟಬಹುದು ಎಂಬ ನಿಯಮ. ಆ ತಿದ್ದುಪಡಿಯ ಸಭೆಯ ನಡಾವಳಿಯನ್ನೂ ನೀವು ಹುಡುಕಿ ತೆಗೆದು ಲಗತ್ತಿಸಿದ್ದೀರಿ. ಅದಕ್ಕಾಗಿ ನಿಮ್ಮನ್ನು ಮೆಚ್ಚುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ‘ಸಾರ್ವಜನಿಕರ ಅಭಿಪ್ರಾಯ: ಮಾತನಾಡಿದವರು ಯಾರೂ ಇಲ್ಲ.’

ನಿಮ್ಮ ಬೀದಿಯಲ್ಲಿ ನಾಲ್ಕು ಅಂತಸ್ತು ಏಳಬಹುದು ಎಂದು ನಿರ್ಧಾರವಾದದ್ದು ಆ ಸಂಜೆ. ಆಗ ಯಾವ ಕಟ್ಟಡದ ಚಿತ್ರವೂ ಇರಲಿಲ್ಲ, ಬಿಲ್ಡರ್ ಇರಲಿಲ್ಲ, ಇದ್ದದ್ದು ನಿಯಮದ ಪಠ್ಯ ಮಾತ್ರ. ಹೀಗಾಗಿ ಯಾರೂ ಬರಲಿಲ್ಲ. ನೀವು ಹೋದ ದಿನ ಸಭೆಯ ಮುಂದಿದ್ದ ಪ್ರಶ್ನೆ ಈ ಕಟ್ಟಡ ನಮಗೆ ಇಷ್ಟವೋ ಅಲ್ಲವೋ ಎಂಬುದಾಗಿರಲಿಲ್ಲ. ಇದು ನಾವೇ ಬರೆದ ನಿಯಮಕ್ಕೆ ಹೊಂದುತ್ತದೆಯೇ ಎಂಬುದಾಗಿತ್ತು. ಅರ್ಜಿ ಹೊಂದುತ್ತದೆ ಎಂದು ತಮ್ಮ ಅಧಿಕಾರಿಗಳೇ ಬರೆದುಕೊಟ್ಟ ಮೇಲೂ ಜನರ ಚಪ್ಪಾಳೆಗೆ ಓಗೊಟ್ಟು ತಿರಸ್ಕರಿಸಿದರೆ ಅರ್ಜಿದಾರ ನ್ಯಾಯಾಲಯಕ್ಕೆ ಹೋಗುತ್ತಾನೆ, ಹೆಚ್ಚಿನ ಪಕ್ಷ ಗೆಲ್ಲುತ್ತಾನೆ, ಖರ್ಚು ನಿಮ್ಮ ತೆರಿಗೆಯಿಂದ ಹೋಗುತ್ತದೆ.

ನಗರಸಭೆ ಒಂದೇ ಮೇಜಿನ ಹಿಂದೆ ಕುಳಿತು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಇಡೀ ಊರಿಗೆ ಅನ್ವಯಿಸುವ ನಿಯಮ ಬರೆಯುವಾಗ ಅದು ಶಾಸನಸಭೆ. ಒಂದು ನಿವೇಶನದ ಅರ್ಜಿಗೆ ಇರುವ ನಿಯಮವನ್ನು ಅನ್ವಯಿಸುವಾಗ ಅದರ ನಡೆ ಹೆಚ್ಚುಕಡಿಮೆ ನ್ಯಾಯಾಧೀಶರದು: ದಾಖಲೆ ನೋಡಬೇಕು, ಕಾರಣ ಬರೆಯಬೇಕು. 1973ರಲ್ಲಿ ಒರೆಗಾನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಫಸಾನೊ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಒತ್ತಿ ಹೇಳಿತು. ಎಲ್ಲ ರಾಜ್ಯಗಳೂ ಅದನ್ನು ಒಂದೇ ಬಗೆಯಲ್ಲಿ ಪಾಲಿಸುವುದಿಲ್ಲ. ಆದರೂ ಸಭೆಗೆ ಹೋಗುವವರು ಇಂದು ಮೇಜಿನ ಮೇಲಿರುವುದು ಇವೆರಡರಲ್ಲಿ ಯಾವುದು ಎಂದು ತಿಳಿದುಕೊಂಡು ಹೋದರೆ ಅರ್ಧ ನಿರಾಶೆ ತಪ್ಪುತ್ತದೆ.

ಸಣ್ಣ ಊರಿನ ಸಭೆ ಬರೆದ ನಿಯಮಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಓಹಾಯೊದ ಯೂಕ್ಲಿಡ್ ಸಾಕ್ಷಿ. ಕ್ಲೀವ್‌ಲ್ಯಾಂಡ್ ನಗರದ ಅಂಚಿನ ಆ ಗ್ರಾಮ 1922ರಲ್ಲಿ ತನ್ನ ನೆಲವನ್ನೆಲ್ಲ ವಲಯಗಳಾಗಿ ಹಂಚಿ, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ ಎಂದು ಗೆರೆ ಎಳೆಯಿತು. ಅಲ್ಲಿ 68 ಎಕರೆ ಹೊಂದಿದ್ದ ಆಂಬ್ಲರ್ ರಿಯಾಲ್ಟಿ ಕಂಪನಿ ದಾವೆ ಹೂಡಿತು. 1926ರ ನವೆಂಬರಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗ್ರಾಮದ ಪರವಾಗಿ ತೀರ್ಪು ಕೊಟ್ಟಿತು. ದೇಶದ ಉದ್ದಗಲದ ನಗರಗಳು ಇಂದಿಗೂ ವಲಯ ನಿಯಮ ಬರೆಯುವುದು ಆ ತೀರ್ಪಿನ ಬಲದ ಮೇಲೆಯೇ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಅವರು ಬಿಡಿ ಮನೆಗಳ ಬಡಾವಣೆಗೆ ಬರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಎಂದು ಕರೆದರು. ಅಂಥ ಕಟ್ಟಡಗಳಲ್ಲಿ ವಾಸಿಸುವವರೂ ಆ ಊರಿನ ಜನರೇ ಎಂಬುದು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಆ ಕಣ್ಣು ಇಂದಿಗೂ ಹಲವು ಸಭಾಂಗಣಗಳಲ್ಲಿ ಉಳಿದಿದೆ. ನಿಮ್ಮ ಪತ್ರದ ‘ಬೀದಿಯ ಸ್ವರೂಪ’ ಎಂಬ ಮಾತಿನಲ್ಲಿಯೂ ಅದರ ನೆರಳನ್ನು ಕಂಡೆ. ನೇರವಾಗಿ ಹೇಳಿದ್ದಕ್ಕೆ ಬೇಸರಿಸಬೇಡಿ.

ಈ ಮಾತು ಏಕೆ ಹೇಳುತ್ತಿದ್ದೇನೆ ಎಂಬುದಕ್ಕೆ ನ್ಯೂಜೆರ್ಸಿಯ ಮೌಂಟ್ ಲಾರೆಲ್ ಕಥೆಯನ್ನು ಸ್ವಲ್ಪ ವಿವರವಾಗಿ ಬರೆಯಬೇಕು. 1960ರ ದಶಕದ ಆರಂಭದವರೆಗೂ ಅದು ಹೊಲಗಳ ನಡುವಿನ ಊರು. ಅಲ್ಲಿ ತಲೆಮಾರುಗಳಿಂದ ಬದುಕಿದ್ದ ಕಪ್ಪು ವರ್ಣೀಯ ಕುಟುಂಬಗಳು ಇದ್ದವು. ಫಿಲಡೆಲ್ಫಿಯ ಹತ್ತಿರವಿದ್ದುದರಿಂದ ಹೊಸ ಬಡಾವಣೆಗಳು ಬಂದವು, ಮನೆ ಬೆಲೆ ಏರಿತು, ಹಳೆಯ ಕುಟುಂಬಗಳ ಮಕ್ಕಳಿಗೆ ಹುಟ್ಟಿದ ಊರಿನಲ್ಲೇ ಸೂರು ಸಿಗದಂತಾಯಿತು. ಆಗ ಎಥೆಲ್ ಲಾರೆನ್ಸ್ ಮತ್ತು ಸಂಗಡಿಗರು 36 ಮನೆಗಳ ಒಂದು ಸಣ್ಣ ವಸತಿ ಸಮುಚ್ಚಯಕ್ಕೆ ಅನುಮತಿ ಕೇಳಿದರು. 1970ರಲ್ಲಿ ಆಡಳಿತ ಒಪ್ಪಲಿಲ್ಲ. ಅಡ್ಡ ಬಂದದ್ದು ವಲಯ ನಿಯಮ. ವಾಸದ ವಲಯಗಳಲ್ಲಿ ಬಿಡಿ ಮನೆ ಮಾತ್ರ, ಅದಕ್ಕೂ ಕನಿಷ್ಠ ಇಷ್ಟು ಅಗಲದ ನಿವೇಶನ ಬೇಕು. ಊರಿನ ಕಾಲು ಭಾಗಕ್ಕಿಂತ ಹೆಚ್ಚು ಭೂಮಿ ಬಾರದ ಕಾರ್ಖಾನೆಗಳಿಗೆ ಮೀಸಲು. ಅಪಾರ್ಟ್‌ಮೆಂಟಿಗೆ ಅವಕಾಶವಿದ್ದ ಕೆಲವೇ ಕಡೆ ಮಲಗುವ ಕೋಣೆಗಳ ಸಂಖ್ಯೆಗೂ ಮಿತಿ, ಮಕ್ಕಳಿರುವ ಕುಟುಂಬಗಳು ಬಂದು ಶಾಲೆಯ ಖರ್ಚು ಹೆಚ್ಚದಿರಲಿ ಎಂದು. ಓದಲು ಎಲ್ಲವೂ ಅಡಿ, ಎಕರೆ, ಕೋಣೆಗಳ ಲೆಕ್ಕ. ಯಾರನ್ನೂ ಹೊರಗಿಡುತ್ತೇವೆ ಎಂದು ಎಲ್ಲಿಯೂ ಬರೆದಿಲ್ಲ, ಆದರೆ ಬಡವರು ಹೊರಗುಳಿದರು.

ಅವರು ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ, ಬೆಳೆಯುತ್ತಿರುವ ಪ್ರತಿ ಊರೂ ಕಡಿಮೆ ಮತ್ತು ಮಧ್ಯಮ ಆದಾಯದವರ ವಸತಿಗೆ ತನ್ನ ನ್ಯಾಯವಾದ ಪಾಲಿನ ಅವಕಾಶ ಒದಗಿಸಲೇಬೇಕು ಎಂದಿತು. ಊರುಗಳು ಅದನ್ನು ಪಾಲಿಸದೆ ಎಳೆದಾಡಿದ್ದರಿಂದ 1983ರಲ್ಲಿ ಇನ್ನಷ್ಟು ಕಟ್ಟುನಿಟ್ಟಾದ ಎರಡನೆಯ ತೀರ್ಪು ಬಂತು. ಮನೆಗಳಿಗೆ ಜನ ಬಂದದ್ದು 2000ದ ಕೊನೆಗೆ. ಎಥೆಲ್ ಲಾರೆನ್ಸ್ ಅದನ್ನು ನೋಡಲಿಲ್ಲ, 1994ರಲ್ಲಿಯೇ ತೀರಿಕೊಂಡಿದ್ದರು. ಆ ಸಮುಚ್ಚಯಕ್ಕೆ ಈಗ ಅವರದೇ ಹೆಸರಿದೆ. ಅದು ಬಂದರೆ ಅಪರಾಧ ಹೆಚ್ಚುತ್ತದೆ, ಮನೆ ಬೆಲೆ ಕುಸಿಯುತ್ತದೆ, ತೆರಿಗೆ ಏರುತ್ತದೆ ಎಂದು ಸಭೆಗಳಲ್ಲಿ ಜನ ಹೇಳಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಹೋದ್ಯೋಗಿಗಳು ಸುತ್ತಮುತ್ತಲಿನ ಊರುಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಆ ಮೂರರಲ್ಲಿ ಒಂದೂ ನಡೆದಿರಲಿಲ್ಲ. 36 ಮನೆಗಳ ಅರ್ಜಿಗೆ ಒಂದು ಊರು 30 ವರ್ಷ ತೆಗೆದುಕೊಂಡಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಸಭೆಯಲ್ಲಿ ಮಾತನಾಡಿದವರೆಲ್ಲ ಆ ಬೀದಿಯ ಮನೆ ಮಾಲೀಕರು ಎಂದು ನೀವೇ ಬರೆದಿದ್ದೀರಿ. ಬೇರೆ ಕಡೆಯೂ ಹೆಚ್ಚುಕಡಿಮೆ ಹೀಗೆಯೇ. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ರಾಜ್ಯಶಾಸ್ತ್ರಜ್ಞರು ಮ್ಯಾಸಚೂಸೆಟ್ಸ್‌ನ 97 ನಗರ–ಪಟ್ಟಣಗಳ ಯೋಜನಾ ಸಭೆಗಳ ನಡಾವಳಿಗಳನ್ನು ಕೂತು ಓದಿದರು. ವಸತಿ ಪ್ರಸ್ತಾವಗಳ ಬಗ್ಗೆ ಮಾತನಾಡಿದವರಲ್ಲಿ ಶೇ 63ರಷ್ಟು ಮಂದಿ ವಿರೋಧಿಸಿದ್ದರು, ಬೆಂಬಲಿಸಿದವರು ಶೇ 15 ಮಾತ್ರ. ಊರಿನ ಇತರ ಮತದಾರರಿಗೆ ಹೋಲಿಸಿದರೆ ಮೈಕಿನ ಮುಂದೆ ನಿಂತವರಲ್ಲಿ ಹಿರಿಯರು, ಗಂಡಸರು, ಸ್ವಂತ ಮನೆಯುಳ್ಳವರು ಹೆಚ್ಚು. ಆ 28 ಮನೆಗಳಿಗೆ ಬರಲಿರುವವರು ಅಂದು ಸಭಾಂಗಣದಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಅವರಲ್ಲಿ ಬಹುತೇಕರಿಗೆ ತಾವು ಅಲ್ಲಿಗೆ ಬರುತ್ತೇವೆಂಬುದೇ ಇನ್ನೂ ಗೊತ್ತಿಲ್ಲ. ಹೀಗಿರುವಾಗ ಸದಸ್ಯರು ಕೋಣೆಯಲ್ಲಿ ಕೇಳಿದ ಕೈತಟ್ಟುವಿಕೆಯನ್ನೇ ಊರಿನ ಅಭಿಪ್ರಾಯ ಎಂದು ಎಣಿಸದೆ ಇದ್ದದ್ದು ಅವರ ಹೊಣೆಗಾರಿಕೆಯೇ. ವಿರುದ್ಧ ಮತ ಹಾಕಿದ ಇಬ್ಬರನ್ನು ನೀವು ಹೊಗಳಿದ್ದೀರಿ. ಐವರನ್ನು ನಾನು ಹೊಗಳುತ್ತೇನೆ.

ಪಾರ್ಕಿಂಗ್ ಬಗ್ಗೆ ಒಂದೇ ಮಾತು. ಮನೆಗೆ ಇಷ್ಟು ಕಾರು ಎಂದು ಕಡ್ಡಾಯ ಮಾಡುವ ಲೆಕ್ಕಕ್ಕೆ ಗಟ್ಟಿಯಾದ ಬುಡವಿಲ್ಲ, ಅದರ ವೆಚ್ಚ ಕಾರಿಲ್ಲದವರ ಬಾಡಿಗೆಗೂ ಸೇರುತ್ತದೆ ಎಂದು ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ದಶಕಗಳ ಕಾಲ ವಾದಿಸಿದರು. ಬಫಲೊ ನಗರ 2017ರಲ್ಲಿ ಆ ಕಡ್ಡಾಯವನ್ನೇ ಊರಿಡೀ ತೆಗೆದುಹಾಕಿತು. ನಿಮ್ಮ ಊರಿನ ‘ಮನೆಗೆ ಒಂದು’ ಎಂಬುದನ್ನು ಜಿಪುಣತನ ಎನ್ನಲು ನನಗೆ ಮನಸ್ಸಿಲ್ಲ.

ಹಾಗಾದರೆ ನಿಮ್ಮ ಮೂರು ನಿಮಿಷ ವ್ಯರ್ಥವೇ? ಕಟ್ಟಡ ಬೇಡ ಎನ್ನಲು ಬಳಸಿದ್ದರಿಂದ ವ್ಯರ್ಥವಾಯಿತು. ಹೇಗೆ ಕಟ್ಟಬೇಕು ಎನ್ನಲು ಬಳಸಿದ್ದರೆ ಆಗುತ್ತಿರಲಿಲ್ಲ. ನಿಮ್ಮ ಪತ್ರದ ಕೊನೆಯಲ್ಲಿ, ಯಾವುದೋ ಚಿಕ್ಕ ವಿಷಯವೆಂಬಂತೆ, ಒಬ್ಬ ಅಜ್ಜಿಯ ಮಾತನ್ನು ಬರೆದಿದ್ದೀರಿ. ಕಸದ ಲಾರಿ ನಿಲ್ಲುವ ಜಾಗ ತನ್ನ ಮಲಗುವ ಕೋಣೆಯ ಕಿಟಕಿಗೆ ಎದುರಾಗಿದೆ, ಅದನ್ನು ಆಚೆ ಬದಿಗೆ ತಿರುಗಿಸಿ ಎಂದು ಅವರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು. ಒಪ್ಪಿಗೆಯ ಷರತ್ತುಗಳಲ್ಲಿ ಏಳನೆಯದು ಅದೇ. ಅಂದು ಆ ಸಭೆಯಲ್ಲಿ ಮಾತಿನಿಂದ ಬದಲಾದದ್ದು ಅದೊಂದೇ, ಅವರು ಕೇಳಿದ್ದು ಸದಸ್ಯರ ಕೈಯಲ್ಲಿದ್ದ ಅಧಿಕಾರದೊಳಗೆ ಇತ್ತು. ದೀಪಗಳು ಪಕ್ಕದ ಮನೆಗೆ ಹೊಡೆಯದಂತೆ ತಗ್ಗಿಸುವುದು, ಹಳೆಯ ಮರ ಉಳಿಸುವುದು, ಕಾಮಗಾರಿಯ ವೇಳೆ, ಮಳೆನೀರು ಹರಿಯುವ ದಿಕ್ಕು, ಪಾದಚಾರಿ ಮಾರ್ಗದ ಅಗಲ, ಇವೆಲ್ಲವನ್ನೂ ಹೀಗೆ ಷರತ್ತಾಗಿ ಕೇಳಬಹುದಿತ್ತು.

ನಿಯಮವೇ ಸರಿಯಿಲ್ಲ ಎನಿಸಿದರೆ ಅದನ್ನು ಬರೆಯುವ ಸಭೆಗೆ ಹೋಗಬೇಕು. ಅಂಥ ಸಭೆಗಳ ಸೂಚನೆ ನೀರಸವಾಗಿರುತ್ತದೆ, ‘ಅಧ್ಯಾಯ ಇಂತಿಷ್ಟರ ತಿದ್ದುಪಡಿ, ಮೊದಲ ಓದು’ ಎಂಬಂತೆ. ಕಾರ್ಯಸೂಚಿಯನ್ನು ಮೊದಲೇ ಪ್ರಕಟಿಸಬೇಕೆಂಬ ಕಾನೂನು ಹಲವು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿದೆ. ಕ್ಯಾಲಿಫೋರ್ನಿಯದ ಬ್ರೌನ್ ಕಾಯ್ದೆ ಸಾಮಾನ್ಯ ಸಭೆಗೆ 72 ಗಂಟೆ ಮೊದಲು ಎನ್ನುತ್ತದೆ. ಅದು ಬಹಳ ಕಡಿಮೆ ಸಮಯ. ಹೀಗಾಗಿ ನಗರಸಭೆಗಿಂತ ಮೊದಲು ಕರಡನ್ನು ನೋಡುವ ಯೋಜನಾ ಆಯೋಗದ ಸಭೆಗಳ ಮೇಲೆ ಕಣ್ಣಿಡಿ. ಅಲ್ಲಿ ಪದಗಳು ಇನ್ನೂ ಹಸಿಯಾಗಿರುತ್ತವೆ, 45 ಅಡಿಯನ್ನು 40 ಮಾಡಿ ಎಂದೋ, ಮೂಲೆ ನಿವೇಶನಕ್ಕೆ ಮಾತ್ರ ಬಿಡಿ ಎಂದೋ ಕೇಳಿದರೆ ಬರೆದುಕೊಳ್ಳುತ್ತಾರೆ. ಸರದಿಗೆ ಕಾಯದೆ ಲಿಖಿತವಾಗಿಯೂ ಕೊಡಬಹುದು, ಅದು ದಾಖಲೆಗೆ ಸೇರುತ್ತದೆ. ಒಟ್ಟಾಗಿ ಒಂದೇ ಮತಕ್ಕೆ ಹಾಕುವ ‘ಸಮ್ಮತಿ ವಿಷಯಗಳ’ ಪಟ್ಟಿಯನ್ನು ತಪ್ಪದೆ ಓದಿ. ಅಲ್ಲಿರುವ ವಿಷಯವನ್ನು ಪ್ರತ್ಯೇಕ ಚರ್ಚೆಗೆ ತೆಗೆಯಿರಿ ಎಂದು ಸದಸ್ಯರನ್ನು ಕೋರಬಹುದು.

ನಿಮ್ಮ ನಗರ ಹೊಸ ಮಹಾಯೋಜನೆಯ, ಅಂದರೆ ಊರು ಮುಂದೆ ಹೇಗೆ ಬೆಳೆಯಬೇಕೆಂಬ ಒಟ್ಟು ಯೋಜನೆಯ, ಕರಡು ತಯಾರಿಸುತ್ತಿದೆ, ಮುಂದಿನ ತಿಂಗಳು ಗ್ರಂಥಾಲಯದಲ್ಲಿ ಮೊದಲ ಸಮಾಲೋಚನೆ ಇದೆ ಎಂದು ನೀವೇ ತಿಳಿಸಿದ್ದೀರಿ, ಜೊತೆಗೆ ‘ಇನ್ನು ಹೋಗುವುದಿಲ್ಲ’ ಎಂದೂ ಬರೆದಿದ್ದೀರಿ. ದಯವಿಟ್ಟು ಹೋಗಿ. ಮುಂದಿನ ಹಲವು ವರ್ಷಗಳ ಕಟ್ಟಡಗಳೆಲ್ಲ ಆ ಕರಡಿನಿಂದ ಹುಟ್ಟುತ್ತವೆ. ನೀವು ಕೆಲಸ ಮಾಡುವ ಕಡೆ ಊರಿನಲ್ಲಿ ಬಾಡಿಗೆ ಮನೆ ಸಿಗದೆ ದೂರದಿಂದ ದಿನವೂ ಓಡಾಡುವ ಕಿರಿಯ ಸಹೋದ್ಯೋಗಿ ಇದ್ದಾರೆ ಎಂದಿದ್ದೀರಲ್ಲ, ಅವರನ್ನೂ ಕರೆದುಕೊಂಡು ಹೋಗಿ. ಕರಡು ಪ್ರಕಟವಾದ ಕೂಡಲೇ ನಮಗೊಂದು ಪ್ರತಿ ಕಳುಹಿಸಿ. ನಾನು ಓದಿ, ಯಾವ ಪುಟದಲ್ಲಿ ಏನು ಕೇಳಬಹುದು ಎಂದು ಆ ಸಭೆಗೆ ಮೊದಲೇ ನಿಮಗೆ ಬರೆಯುತ್ತೇನೆ.

— ಸಂಪಾದಕ